ಗೂಡ್ಸ್ ಷೆಡ್ಡಿನ ಹಿಂದೆ

ಬೆಳಗಿನ ಹೊತ್ತು ನಮ್ಮೂರಿನ ಸ್ಟೇಷನ್ ರಸ್ತೆಯ ಧೂಳಿನಲ್ಲಿ ನೀರಹನಿಗಳ ಒಂದು ಸಾಲು ಕಾಣುತ್ತಿತ್ತು. ಕೆರೆಯ ಕೆಳಗಿನ ಮಡಿಗಳಿಂದ ಹೊರಟು, ಪೇಟೆಬೀದಿ ದಾಟಿ, ಆಸ್ಪತ್ರೆಯ ಮುಂದೆ ಎಡಕ್ಕೆ ತಿರುಗಿ, ಅದು ನೇರವಾಗಿ ಸ್ಟೇಷನ್ನಿನ ಮೆಟ್ಟಿಲವರೆಗೆ ಹೋಗುತ್ತಿತ್ತು. ಸೊಪ್ಪು ಮಾರುವ ಹೆಂಗಸರ ಬುಟ್ಟಿಗಳಿಂದ ತೊಟ್ಟಿಕ್ಕಿದ ನೀರು ಅದು. ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿಗಳನ್ನು ನಸುಕಿನಲ್ಲೇ ಕಿತ್ತು, ಕಾಲುವೆಯಲ್ಲಿ ಅದ್ದಿ, ಮೇಲೆ ಒದ್ದೆ ಗೋಣಿ ಮುಚ್ಚಿ ಹನ್ನೆರಡು ಜನ ಸಾಲಾಗಿ ನಡೆಯುತ್ತಿದ್ದರು. ಆರು ಗಂಟೆಯ ರೈಲು ಹತ್ತಿದರೆ ಏಳೂವರೆಗೆ ಜಂಕ್ಷನ್ನಿನ ಮಾರ್ಕೆಟ್ಟು. ಬಿಸಿಲೇರಿದ ಮೇಲೆ ತಲುಪಿದ ಸೊಪ್ಪು ಸೊಪ್ಪಲ್ಲ, ದನದ ಮೇವು. ನಾನು ವಾಕಿಂಗಿಗೆ ಹೊರಡುವ ಹೊತ್ತಿಗೆ ಅವರು ಹೋಗಿಬಿಟ್ಟಿರುತ್ತಿದ್ದರು. ಚಪ್ಪಲಿಗೆ ಕೆಸರು ಮೆತ್ತಿಕೊಳ್ಳುತ್ತದೆಂದು ಆ ಸಾಲನ್ನು ದಾಟಿ ಪಕ್ಕದಲ್ಲಿ ನಡೆಯುತ್ತಿದ್ದೆ.

ನಮ್ಮೂರಿನ ದೊಡ್ಡ ಮನುಷ್ಯರಿಗೆ ಆ ರೈಲಿನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಕಡಲೆಕಾಯಿ ಮಂಡಿಯ ಗುರುಮೂರ್ತಪ್ಪನವರಿಗೆ ಸ್ವಂತ ಕಾರಿತ್ತು. ಕಾರಿಲ್ಲದವರು ಅವರ ಕಾರಿನಲ್ಲಿ ಜಾಗ ಸಿಗುವವರೆಗೆ ಪ್ರಯಾಣವನ್ನೇ ಮುಂದೂಡುತ್ತಿದ್ದರು. ಸೊಪ್ಪಿನ ಬುಟ್ಟಿಗಳ ನಡುವೆ ಕೂತು ಹೋದರೆ ಮಾನ ಹೋಗುತ್ತದೆಂದು ಅವರ ಎಣಿಕೆ. ಆದರೂ ಸ್ಟೇಷನ್ ಬೇಕಿತ್ತು. ಹೆಣ್ಣು ನೋಡಲು ಬಂದ ಬೀಗರಿಗೆ ನಮ್ಮದು ರೈಲು ನಿಲ್ಲುವ ಊರು ಎಂದು ಹೇಳಿಕೊಳ್ಳಲು ಬೇಕಿತ್ತು, ಲಗ್ನಪತ್ರಿಕೆಯ ವಿಳಾಸದಲ್ಲಿ ಸ್ಟೇಷನ್ ರಸ್ತೆ ಎಂದು ಅಚ್ಚು ಹಾಕಿಸಲು ಬೇಕಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಇವರಿಗೆ ಸಲ್ಲದು. ಇವರ ಹೊಟ್ಟೆ ತುಂಬಿತ್ತು. ಜುಟ್ಟಿಗೆ ಮಾತ್ರ ಬೇರೆಯವರು ಬೆಳೆದ ಹೂವು ಬೇಕಿತ್ತು.

ಇನ್ನೊಂದು ಕಾಯಿಲೆಯೂ ಊರಿಗಿತ್ತು. ಯಾವ ಅಧಿಕಾರಿ ಬಂದರೂ ಕಮಾನು ಕಟ್ಟಬೇಕು, ವಾದ್ಯ ಊದಿಸಬೇಕು, ಹಾರ ಹಾಕಿ ಮಾನಪತ್ರ ಓದಬೇಕು. ದನದ ಡಾಕ್ಟರು ವರ್ಗವಾಗಿ ಬಂದರೂ ಮಾನಪತ್ರ, ವರ್ಗವಾಗಿ ಹೋದರೂ ಮಾನಪತ್ರ. ಒಮ್ಮೆ ಚುಚ್ಚುಮದ್ದು ಹಾಕಲು ಬಂದ ಕಾಂಪೌಂಡರನಿಗೆ ಶಾಲು ಹೊದಿಸಿ ಊಟಕ್ಕೆ ಕೂರಿಸಿದ್ದರಿಂದ, ಅವನು ಒಂದು ಮಗುವಿಗೂ ಸೂಜಿ ಚುಚ್ಚದೆ ಏಲಕ್ಕಿ ಹಾರ ಹಾಕಿಕೊಂಡು ಹಿಂತಿರುಗಿದ. ಈ ಮಾನಪತ್ರಗಳನ್ನೆಲ್ಲ ಬರೆಯುತ್ತಿದ್ದವನು ನಾನು. ಮಿಡ್ಲ್ ಸ್ಕೂಲಿನ ಮೇಷ್ಟ್ರು, ಅಕ್ಷರ ದುಂಡಗಿತ್ತು, ಘನವೆತ್ತ, ಸನ್ಮಾನ್ಯ, ಕರುಣಾಳು ಮುಂತಾದ ಪದಗಳ ದಾಸ್ತಾನು ಸದಾ ಕೈಯಲ್ಲಿರುತ್ತಿತ್ತು. ಇವತ್ತು ಊರನ್ನು ಹೀಗೆ ಹೀಗಳೆಯುತ್ತಿರುವ ನಾನೇ ಅದರ ಎಲ್ಲ ಸಮಿತಿಗಳ ಕಾಯಂ ಕಾರ್ಯದರ್ಶಿಯಾಗಿದ್ದೆ, ಗುರುಮೂರ್ತಪ್ಪನವರು ಕಾಯಂ ಅಧ್ಯಕ್ಷರಾಗಿದ್ದ ಹಾಗೆ.

ಒಂದು ಮಧ್ಯಾಹ್ನ ಸ್ಟೇಷನ್ ಮಾಸ್ಟರ್ ಪದ್ಮನಾಭಯ್ಯನವರು ಶಾಲೆಗೆ ಬಂದರು. ತೆಳ್ಳಗಿನ ಮನುಷ್ಯ. ಕೋಟಿನ ಗುಂಡಿಗಳನ್ನು ಎಂಥ ಸೆಕೆಯಲ್ಲೂ ಕತ್ತಿನವರೆಗೆ ಹಾಕಿಕೊಂಡಿರುತ್ತಿದ್ದರು. ಆದಾಯವಿಲ್ಲದ ಸ್ಟೇಷನ್ನುಗಳನ್ನು ಮುಚ್ಚಲು ಇಲಾಖೆ ಪಟ್ಟಿ ಮಾಡುತ್ತಿದೆಯಂತೆ, ಅದರಲ್ಲಿ ನಮ್ಮ ಊರಿನ ಹೆಸರೂ ಇದೆಯಂತೆ. ಮುಂದಿನ ಗುರುವಾರ ಒಬ್ಬ ಸಾಹೇಬರು ಬೆಳಗಿನ ರೈಲಿನಲ್ಲಿ ಬಂದು ಇಳಿದು, ಅದೇ ರೈಲಿಗೆ ಎಷ್ಟು ಜನ ಹತ್ತುತ್ತಾರೆಂದು ಎಣಿಸಿ, ಟಿಕೇಟಿನ ಪುಸ್ತಕ ನೋಡಿ ವರದಿ ಬರೆಯುತ್ತಾರಂತೆ. ದಿನಾ ಹನ್ನೆರಡು ಜನ ತಪ್ಪದೆ ಹತ್ತುವ ಸ್ಟೇಷನ್ನನ್ನು ಅಷ್ಟು ಸುಲಭವಾಗಿ ಮುಚ್ಚುವುದಿಲ್ಲ ಎಂದು ಅವರಿಗೆ ಧೈರ್ಯವಿತ್ತು. ಹೊರಡುವಾಗ ನನ್ನ ಕೈ ಹಿಡಿದುಕೊಂಡು ಹೇಳಿದರು.

"ನಿಮ್ಮಿಂದ ಆಗಬೇಕಾದದ್ದು ಒಂದೇ ಮೇಷ್ಟ್ರೇ. ಏನೂ ಮಾಡಬೇಡಿ. ದಿನಾ ಹೇಗಿರುತ್ತೋ ಹಾಗೇ ಇರಲಿ."

ಏನೂ ಮಾಡದೆ ಇರುವುದು! ಅದೊಂದನ್ನು ಬಿಟ್ಟು ಮಿಕ್ಕ ಎಲ್ಲವೂ ನಮ್ಮ ಊರಿಗೆ ಬರುತ್ತಿತ್ತು.

ಆವತ್ತು ಸಂಜೆಯೇ ಮಂಡಿಯ ಜಗಲಿಯಲ್ಲಿ ಸ್ವಾಗತ ಸಮಿತಿ ಸೇರಿತು. ಸಾಹೇಬರಿಗೆ ಊರಿನ ಘನತೆ ಗೊತ್ತಾಗಬೇಕು, ಜನ ಕಂಡರೆ ಸ್ಟೇಷನ್ ಉಳಿಯುತ್ತದೆ ಎಂದು ಗುರುಮೂರ್ತಪ್ಪನವರು ಅಪ್ಪಣೆ ಕೊಡಿಸಿದರು. ಆದ್ದರಿಂದ ಗುರುವಾರ ಯಾರೂ ಊರು ಬಿಡಕೂಡದು. ಕೋರ್ಟಿಗೆ ಹೋಗುವವರು ವಾಯಿದೆ ಪಡೆಯಬೇಕು, ಜಂಕ್ಷನ್ನಿನ ದೊಡ್ಡ ಆಸ್ಪತ್ರೆಗೆ ಹೋಗುವವರು ಶುಕ್ರವಾರ ಹೋಗಬೇಕು. ಮನೆಗೊಬ್ಬರಂತೆ ಶುಭ್ರ ಬಟ್ಟೆಯಲ್ಲಿ ಪ್ಲಾಟ್‌ಫಾರಂ ಮೇಲೆ ಹಾಜರಿರಬೇಕು. ಎಣಿಸಲು ಬರುವವನು ಹತ್ತುವವರನ್ನು ಎಣಿಸಲು ಬರುತ್ತಾನೆಯೇ ಹೊರತು ನಿಂತವರನ್ನಲ್ಲ ಎಂಬುದು ಅಷ್ಟು ಜನ ತಿಳಿದವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಪದ್ಮನಾಭಯ್ಯನವರ ಮಾತು ನನ್ನ ಬಾಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಾನಪತ್ರಕ್ಕೆ ಈ ಸಲ ಜರಿ ಅಂಚು ಇರಲಿ ಎಂದರು, ನಾನು ಆ ಕಡೆ ತಿರುಗಿದೆ.

ಸೊಪ್ಪಿನ ಬುಟ್ಟಿಗಳ ಪ್ರಸ್ತಾಪ ಬಂದದ್ದು ಕೊನೆಯಲ್ಲಿ. ಅವು ತೊಟ್ಟಿಕ್ಕಿ ಪ್ಲಾಟ್‌ಫಾರಂ ರಾಡಿಯಾಗುತ್ತದೆ, ಸಾಹೇಬರ ಬೂಟು ಜಾರೀತು, ಕಮಾನಿನ ಕೆಳಗೆ ಒದ್ದೆ ಸೀರೆಯ ಹೆಂಗಸರು ಎದುರಾದರೆ ಊರಿನ ಮರ್ಯಾದೆ ಏನಾದೀತು ಎಂದು ಚರ್ಚೆಯಾಯಿತು. ಸಾಹೇಬರನ್ನು ಒಳಗೆ ಕರೆದುಕೊಂಡು ಹೋಗುವವರೆಗೆ ಅವರನ್ನು ಗೂಡ್ಸ್ ಷೆಡ್ಡಿನ ಹಿಂದೆ ಕೂರಿಸುವುದು, ಆಮೇಲೆ ರೈಲು ಹೊರಡುವ ಮುಂಚೆ ಕರೆದು ಹತ್ತಿಸುವುದು ಎಂದು ತೀರ್ಮಾನವಾಯಿತು. ಆ ಕೆಲಸಕ್ಕೆ ಸಮಿತಿಯಲ್ಲಿ ಒಬ್ಬರನ್ನು ಗೊತ್ತು ಮಾಡಲಾಯಿತು.

ಗುರುವಾರದ ವೈಭವವನ್ನು ನಾನು ಮರೆಯುವಂತಿಲ್ಲ. ಐದು ಗಂಟೆಗೇ ನಾಲ್ಕು ನೂರು ಜನ ನೆರೆದಿದ್ದರು. ಮಾವಿನ ತೋರಣ, ಬಾಳೆಕಂಬ, ಪೂರ್ಣಕುಂಭ, ಓಲಗ. ರೈಲು ಬಂತು. ಸಾಹೇಬರು ಇಳಿದರು. ಗಿಡ್ಡ ಮನುಷ್ಯ, ಕೈಯಲ್ಲಿ ಒಂದು ಸಣ್ಣ ಪುಸ್ತಕ, ಪೆನ್ಸಿಲು. ಕತ್ತಿಗೆ ಹಾರಗಳು ಬಿದ್ದಂತೆಲ್ಲ ಅವರು ಅವನ್ನು ಸರಿಸಿ ಬೋಗಿಗಳ ಬಾಗಿಲ ಕಡೆಗೇ ನೋಡುತ್ತಿದ್ದರು. ನಾನು ಮಾನಪತ್ರ ಬಿಚ್ಚಿ ಓದಲು ಶುರುಮಾಡಿದೆ. ರೈಲು ನಮ್ಮಲ್ಲಿ ನಿಲ್ಲುತ್ತಿದ್ದುದು ಎರಡು ನಿಮಿಷ. ಮಾನಪತ್ರ ನಾಲ್ಕು ಪುಟ. ಎರಡನೆಯ ಪುಟದ ನಡುವೆ, ಸಾಹೇಬರ ವಂಶದ ಔದಾರ್ಯವನ್ನು ಬಣ್ಣಿಸುತ್ತಿದ್ದಾಗ, ಇಂಜಿನ್ನು ಕೂಗಿತು. ಓಲಗದವರು ಅದಕ್ಕಿಂತ ಗಟ್ಟಿಯಾಗಿ ಊದಿದರು. ರೈಲು ಹೊರಟುಹೋಯಿತು. ನಾನು ಮೂರನೆಯ ಪುಟ ತಿರುವಿದೆ.

ಮಾನಪತ್ರ ಮುಗಿದ ಮೇಲೆ ಸಾಹೇಬರು ಮಾಸ್ಟರರ ಕೋಣೆಗೆ ಹೋದರು, ಹಿಂದೆಯೇ ಸಮಿತಿಯೂ ಕಾಫಿಯ ಜಗ್ಗಿನ ಸಮೇತ ನುಗ್ಗಿತು. ಅವರು ಕಾಫಿ ಮುಟ್ಟಲಿಲ್ಲ, ಟಿಕೇಟಿನ ಪುಸ್ತಕ ತೆರೆದರು. ಆವತ್ತಿನ ಬೆಳಿಗ್ಗೆ ಹನ್ನೆರಡು ಟಿಕೇಟು ಮಾರಾಟವಾಗಿತ್ತು. ತಮ್ಮ ಸಣ್ಣ ಪುಸ್ತಕ ನೋಡಿಕೊಂಡರು. ಹತ್ತಿದವರು ಸೊನ್ನೆ.

ಈ ಟಿಕೇಟು ತೆಗೆದುಕೊಂಡವರೆಲ್ಲಿ ಎಂದು ಕೇಳಿದರು. ಪದ್ಮನಾಭಯ್ಯನವರು, ಸೊಪ್ಪು ಮಾರುವ ಹೆಂಗಸರು ಸ್ವಾಮಿ, ದಿನಾ ಹೋಗುವವರು, ಇವತ್ತೂ ಐದೂವರೆಗೆ ಬಂದು ತೆಗೆದುಕೊಂಡರು, ಹತ್ತಿರಬೇಕು ಎಂದರು. ನಾನು ಒಂದೊಂದು ಬಾಗಿಲನ್ನೂ ನೋಡಿದ್ದೇನೆ, ಯಾರೂ ಹತ್ತಲಿಲ್ಲ ಎಂದರು ಸಾಹೇಬರು. ಆಮೇಲೆ ಗುರುಮೂರ್ತಪ್ಪನವರ ಕಡೆ ತಿರುಗಿ, ಅಂಥ ಹೆಂಗಸರು ಇಲ್ಲಿಗೆ ಬರುತ್ತಾರೆಯೇ ಎಂದು ವಿಚಾರಿಸಿದರು.

ಗುರುಮೂರ್ತಪ್ಪನವರು ಕೈ ಮುಗಿದು, ನಕ್ಕು, ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಛೆ ಛೆ, ಅಂಥಾ ಗಲೀಜು ಏನೂ ನಮ್ಮ ಸ್ಟೇಷನ್ನಿನಲ್ಲಿಲ್ಲ ಸ್ವಾಮಿ. ಇಲ್ಲಿ ಓಡಾಡೋರೆಲ್ಲ ಮರ್ಯಾದಸ್ತರು."

ಪದ್ಮನಾಭಯ್ಯನವರು ಕೋಣೆಯಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರೂ ಬಾಯಿ ಬಿಡಲಿಲ್ಲ. ಸಾಹೇಬರು ಪುಸ್ತಕ ಮುಚ್ಚಿದರು. ಪ್ರಯಾಣಿಕರಿಲ್ಲದ ಸ್ಟೇಷನ್ನಿನಲ್ಲಿ ಮಾಸ್ಟರರೇ ದಿನಾ ಹನ್ನೆರಡು ಟಿಕೇಟು ಹರಿದು ವ್ಯಾಪಾರ ತೋರಿಸುತ್ತಿದ್ದಾರೆ ಎಂದು ಅವರು ಬರೆದ ವರದಿ ಆಮೇಲೆ ಎಲ್ಲರಿಗೂ ತಿಳಿಯಿತು. ಮೂರು ತಿಂಗಳಿಗೆ ಸ್ಟೇಷನ್ ಮುಚ್ಚಿತು. ಪದ್ಮನಾಭಯ್ಯನವರನ್ನು ಕೆಳಗಿನ ದರ್ಜೆಗೆ ಇಳಿಸಿ ಎಲ್ಲಿಗೋ ಹಾಕಿದರು. ಹೊರಡುವ ದಿನ ಅವರ ಹಾಸಿಗೆ ಸುರುಳಿಯನ್ನು ಗಾಡಿಗೆ ಹಾಕಿಕೊಡಲು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಒಬ್ಬನಿದ್ದ. ದನದ ಡಾಕ್ಟರಿಗೂ ಮಾನಪತ್ರ ಕೊಟ್ಟ ಊರು ಆ ಮನುಷ್ಯನಿಗೆ ಒಂದು ನಿಂಬೆಹಣ್ಣನ್ನೂ ಕೊಡಲಿಲ್ಲ.

ಊರಿನವರು ಏನು ಮಾಡಿದರು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪಕ್ಕದ ಊರಿನವರ ಹೊಟ್ಟೆಕಿಚ್ಚು ಎಂದರು, ಸಾಹೇಬ ನಮ್ಮ ಕಡೆಯವನಲ್ಲ ಎಂದರು, ಕೊನೆಗೆ ಮಾಸ್ಟರ್ ಕಳ್ಳ ಎಂಬಲ್ಲಿಗೆ ಎಲ್ಲರಿಗೂ ಸಮಾಧಾನವಾಯಿತು. ಬೆಳಗಿನ ರೈಲು ಮಾತ್ರ ದಿನಾ ಅದೇ ಹೊತ್ತಿಗೆ, ನಿಲ್ಲದೆ, ಕೂಗಿಕೊಂಡು ಹೋಗುತ್ತಿತ್ತು. ಸ್ಟೇಷನ್ ರಸ್ತೆಯ ಮೇಲಿನ ನೀರಿನ ಸಾಲು ನಿಂತುಹೋಯಿತು. ಸೊಪ್ಪಿನವರು ಈಗ ಊರ ಹಿಂದಿನ ಕಾಲುದಾರಿಯಲ್ಲಿ ನಾಲ್ಕು ಮೈಲಿ ನಡೆದು, ಟಾರು ರಸ್ತೆಯಲ್ಲಿ ಕಾದು, ಇಟ್ಟಿಗೆ ಲಾರಿಯ ಮೇಲೆ ಕೂತು ಜಂಕ್ಷನ್ನಿಗೆ ಹೋಗತೊಡಗಿದರು. ಲಾರಿ ಸಿಕ್ಕಿದ ದಿನ ವ್ಯಾಪಾರ, ಸಿಗದ ದಿನ ದನಗಳಿಗೆ ಹಬ್ಬ. ಎರಡನೆಯ ವರ್ಷ ಗಂಗಕ್ಕ ಎಂಬವಳು ಲಾರಿಯ ಮೇಲಿಂದ ಬಿದ್ದು ಸತ್ತಳು. ಕೆಲವರು ಸೊಪ್ಪಿನ ಮಡಿಗಳನ್ನೇ ಬಿಟ್ಟು ಕೂಲಿಗೆ ಹೋದರು. ಹನ್ನೆರಡು ಜನರಲ್ಲಿ ಏಳು ಜನ ಉಳಿದರು. ಇದನ್ನೆಲ್ಲ ನಾನು ಕೇಳಿ ತಿಳಿದುಕೊಂಡದ್ದಲ್ಲ, ಊರಿನಲ್ಲಿದ್ದವನಿಗೆ ತಾನಾಗಿ ಕಿವಿಗೆ ಬಿದ್ದದ್ದು. ಕೇಳಿ ತಿಳಿದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಹನ್ನೊಂದು ವರ್ಷ ಕಳೆದ ಮೇಲೆ, ಮುಚ್ಚಿದ ಕೆಲವು ಸ್ಟೇಷನ್ನುಗಳನ್ನು ಮತ್ತೆ ತೆರೆಯುವ ಯೋಜನೆ ಇದೆ ಎಂಬ ಸುದ್ದಿ ಬಂತು. ಮಂಡಿಯ ಜಗಲಿಯಲ್ಲಿ ಸಮಿತಿ ಮತ್ತೆ ಕೂತಿತು. ಅದೇ ಮುಖಗಳು, ಸ್ವಲ್ಪ ಹೆಚ್ಚು ಹೊಟ್ಟೆ, ಸ್ವಲ್ಪ ಕಡಿಮೆ ಹಲ್ಲು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವವರನ್ನು ಕಂಡಿದ್ದೇವೆ. ಇವರು ಬಾಗಿಲನ್ನು ತಾವೇ ತೆರೆದುಕೊಟ್ಟು, ಈಗ ಬಾಗಿಲು ಹಾಕುವ ಸಮಾರಂಭಕ್ಕೆ ಅಧ್ಯಕ್ಷರಾಗಲು ಹೊರಟಿದ್ದರು. ಸ್ಟೇಷನ್ ಮಂಜೂರಾಗುವ ಮುಂಚೆಯೇ ಉದ್ಘಾಟನೆಯ ಕಲ್ಲಿನ ಮೇಲೆ ಒಂಬತ್ತು ಜನರ ಹೆಸರು ಕೆತ್ತಿಸಿದರು. ಒಂಬತ್ತನೆಯದು ನನ್ನದು. ದಿನಾ ಹಾದುಹೋಗುವ ರೈಲುಗಳಲ್ಲಿ ಯಾವ ಹೊತ್ತಿನದು ನಿಲ್ಲಬೇಕೆಂದು ಅರ್ಜಿಯಲ್ಲಿ ತಿಳಿಸಬೇಕಿತ್ತು. ಸ್ನಾನ, ಪೂಜೆ, ತಿಂಡಿ ಎಲ್ಲ ಮುಗಿದು ಹನ್ನೊಂದಕ್ಕೆ ಹೊರಟರೆ ಅನುಕೂಲ ಎಂದರು ಗುರುಮೂರ್ತಪ್ಪನವರು. ಹನ್ನೊಂದು ಗಂಟೆ ಎಂದು ನಾನು ದುಂಡಗೆ ಬರೆದೆ.

ಅರ್ಜಿಯ ಮೇಲೆ ವಿಚಾರಣೆಗೆ ಒಬ್ಬ ಅಧಿಕಾರಿ ಬರುವುದು ಗೊತ್ತಾಯಿತು. ಈ ಸಲ ಪ್ರಯಾಣಿಕರೂ ಇರಲಿ ಎಂದು ಸಮಿತಿಗೆ ಬುದ್ಧಿ ಬಂದಿತ್ತು. ಸೊಪ್ಪಿನ ಹೆಂಗಸರಿಗೆ ಹೊಸ ಸೀರೆ ಉಡಿಸಿ, ಬುಟ್ಟಿಗಳಿಗೆ ಕೆಂಪು ಹಳದಿ ಬಣ್ಣ ಬಳಿದು, ಪ್ಲಾಟ್‌ಫಾರಂ ಮೇಲೆ ಸಾಲಾಗಿ ನಿಲ್ಲಿಸಿದರೆ ನೋಡಲು ಚೆನ್ನಾಗಿರುತ್ತದಂತೆ. ಒದ್ದೆಯಾಗಕೂಡದು, ಬುಟ್ಟಿ ಖಾಲಿ ಇರಲಿ ಎಂದು ಸೇರಿಸಿದರು. ಕರೆದು ಬರಲು ನನ್ನನ್ನು ಕಳಿಸಿದರು.

ಸಣ್ಣೀರಮ್ಮ ಆ ಹೆಂಗಸರಿಗೆಲ್ಲ ಹಿರಿಯಳು. ಕೆರೆಯ ಕೆಳಗಿನ ಕೇರಿಯಲ್ಲಿ ಅವಳ ಮನೆ. ನಾನು ಹೋದಾಗ ಹೊಸಿಲ ಹೊರಗೆ ಕೂತು ಮೆಂತ್ಯದ ಸೊಪ್ಪನ್ನು ಹಿಡಿಹಿಡಿಯಾಗಿ ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಲಾರಿ ಹತ್ತಿ ಇಳಿದು ಒಂದು ಮಂಡಿ ಸೊಟ್ಟಗಾಗಿತ್ತು, ಆ ಕಾಲನ್ನು ಮುಂದಕ್ಕೆ ಚಾಚಿಕೊಂಡಿದ್ದಳು. ಬನ್ನಿ ಮೇಷ್ಟ್ರೇ ಎಂದು ಮಣೆ ತಳ್ಳಿದಳು. ನಾನು ಬಂದ ಕೆಲಸ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ರೈಲು ಎಷ್ಟೊತ್ತಿಗೆ ನಿಲ್ತೈತೆ?" ಎಂದಳು.

"ಹನ್ನೊಂದಕ್ಕೆ."

"ಹನ್ನೊಂದು ಗಂಟೆಗೆ ಹೋಗಿ ನಾನ್ಯಾರಿಗೆ ಸೊಪ್ಪು ಮಾರ್ಲಿ ಮೇಷ್ಟ್ರೇ? ಅಷ್ಟೊತ್ತಿಗೆ ಎಲ್ಲಾರ ಮನೇಲೂ ಸಾರು ಕುದ್ದು ಇಳಿಸಿರ್ತಾರೆ."

ಆ ಹನ್ನೊಂದು ಗಂಟೆಯನ್ನು ಬರೆದ ಕೈ ನನ್ನ ತೊಡೆಯ ಮೇಲೆಯೇ ಇತ್ತು. ಒಂದು ಕಟ್ಟು ಮುಗಿಸಿ ಪಕ್ಕಕ್ಕಿಟ್ಟು ಅವಳು ಮೊದಲ ಸಲ ನನ್ನ ಮುಖ ನೋಡಿದಳು.

"ಅವತ್ತು ಗೂಡ್ಸ್ ಷೆಡ್ಡಿನ ಹಿಂದೆ ನಮ್ಮನ್ನ ಕೂರ್ಸಿದೋರು ನೀವೇ. ರೈಲು ಹೊರಡೋಕೆ ಮುಂಚೆ ಕರೀತೀನಿ, ಅಲ್ಲೀಗಂಟ ಯಾರೂ ಏಳ್ಬೇಡಿ ಅಂದ್ರಿ. ಗಂಗಕ್ಕ, ರೈಲು ಬಂತು ನಡೀರೇ ಅಂತ ಎದ್ಲು. ನಾನೇ ಅವಳ ಕೈ ಹಿಡಿದು ಕೂರ್ಸ್ದೆ. ನನ್ನ ಮಗಳಿಗೆ ಅಕ್ಷರ ಕಲಿಸ್ದೋರು, ಮಾತು ಕೊಟ್ಟವ್ರೆ, ಕರೀತಾರೆ ಅಂದೆ. ಆಮೇಲೆ ರೈಲಿನ ಬಾಲ ಕಂಡ್ತು."

ಹೌದು, ಸಮಿತಿ ಗೊತ್ತು ಮಾಡಿದ ಆ ಒಬ್ಬರು ನಾನೇ. ಎರಡು ನಿಮಿಷದಲ್ಲಿ ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ, ಏಕೆಂದರೆ ನಾನು ಓದುತ್ತಿದ್ದೆ. ನಾಲ್ಕು ನೂರು ಜನ ನನ್ನ ಗದ್ಯವನ್ನು ಕೇಳುತ್ತಿದ್ದರು, ವಂಶದ ಔದಾರ್ಯ ಎಂಬಲ್ಲಿ ಸ್ವರ ಏರಿಸಬೇಕೆಂದು ಹಿಂದಿನ ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಇಂಜಿನ್ನು ಕೂಗಿದ್ದು ನನಗೆ ಕೇಳಿಸಿತು. ಕೇಳಿಸಿಯೂ ಪುಟ ತಿರುವಿದೆ. ಆಮೇಲೆ ಕೋಣೆಯಲ್ಲಿ ಪದ್ಮನಾಭಯ್ಯನವರು ಎಲ್ಲರ ಮುಖ ನೋಡಿದರೆಂದು ಹೇಳಿದೆನಲ್ಲ, ನನ್ನ ಮುಖದ ಮೇಲೆ ಅವರ ಕಣ್ಣು ತುಸು ಹೆಚ್ಚು ಹೊತ್ತು ನಿಂತಿತ್ತು. ನಾನು ಮಾನಪತ್ರದ ಜರಿ ಅಂಚನ್ನು ಸವರುತ್ತಿದ್ದೆ. ಆವತ್ತು ಜನ ಚದುರಿದ ಕೂಡಲೇ ಗೂಡ್ಸ್ ಷೆಡ್ಡಿನ ಹಿಂದಕ್ಕೆ ಹೋಗಿ ನೋಡಿದೆ. ಹೆಂಗಸರು ಹೊರಟುಹೋಗಿದ್ದರು. ರಸ್ತೆಯಿಂದ ಬಂದ ನೀರಿನ ಸಾಲು ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಟಿಕೇಟು ಕಿಟಕಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ತಿರುಗಿ, ಷೆಡ್ಡಿನ ಗೋಡೆಯ ಬುಡದಲ್ಲಿ ಹನ್ನೆರಡು ದುಂಡನೆಯ ಒದ್ದೆ ಗುರುತುಗಳಾಗಿ ನಿಂತಿತ್ತು. ಅವು ಒಣಗುವವರೆಗೆ ಅಲ್ಲೇ ಇದ್ದೆ. ಒಣಗಿದ ಮೇಲೆ ಮನೆಗೆ ಹೋಗಿ ಊಟ ಮಾಡಿದೆ. ಊರಿನವರನ್ನೆಲ್ಲ ಸೇರಿಸಿ ತೂಗಿದರೂ ಅವರ ಕಡೆ ತಕ್ಕಡಿ ಇಳಿಯದಷ್ಟು ನೀಚತನ ಅದು.

ಸಣ್ಣೀರಮ್ಮ ಸೊಂಟದಲ್ಲಿದ್ದ ಎಲೆಅಡಿಕೆ ಸಂಚಿಯನ್ನು ಬಿಚ್ಚಿದಳು. ಸುಣ್ಣದ ಡಬ್ಬಿಯ ಕೆಳಗಿನಿಂದ ಒಂದು ರಟ್ಟಿನ ಟಿಕೇಟು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಅಂಚು ಸವೆದು, ಎಲೆಯ ಕಲೆ ಹತ್ತಿತ್ತು. ತಾರೀಖು, ನಂಬರು ಓದಲು ಬರುತ್ತಿತ್ತು.

"ಮಿಕ್ಕೋರದ್ದೆಲ್ಲಾ ಎಲ್ಲೋ ಹೋದವು. ಇದನ್ನ ಯಾಕೋ ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ. ಆ ಟೇಷನ್ ಮಾಸ್ಟ್ರು ಸುಳ್ಳು ಟಿಕೀಟು ಹರಿದ್ರು ಅಂದ್ರಂತಲ್ಲ. ನಾವು ಬೆಳಗಿನ ಜಾವ ಕಿಟಕೀಲಿ ಕೈ ಹಾಕಿ ಇಸ್ಕೊಂಡಿದ್ದು ಸುಳ್ಳಾ? ಬರೋ ಸಾಹೇಬರಿಗೆ ಇದನ್ನ ತೋರ್ಸಿ. ನಾನು ಬಂದು ತೋರಿಸ್ಬೋದು, ಆದ್ರೆ ನೀವು ಮತ್ತೆ ಎಲ್ಲಿ ಕೂರಿಸ್ತೀರೋ."

ಕೊನೆಯ ಮಾತಿನಲ್ಲಿ ಕೋಪವಿರಲಿಲ್ಲ. ಅವಳು ಮುಂದಿನ ಕಟ್ಟಿಗೆ ಕೈ ಹಾಕಿದ್ದಳು.

ಅಧಿಕಾರಿ ಬಂದದ್ದು ಜೀಪಿನಲ್ಲಿ. ಇನ್ನೂ ಚಿಕ್ಕ ವಯಸ್ಸಿನವರು, ಕಮಾನನ್ನು ಕಂಡು ಜೀಪನ್ನು ಹಿಂಬದಿಯಿಂದ ತಂದರು, ಹಾರಗಳನ್ನು ಕೈಯಲ್ಲೇ ತೆಗೆದುಕೊಂಡು ಮುರಿದ ಬೆಂಚಿನ ಮೇಲಿಟ್ಟರು. ಆ ಹಳೆಯ ಕೋಣೆಯಲ್ಲಿ, ಪಾರಿವಾಳದ ಹಿಕ್ಕೆ ಗುಡಿಸಿ ಹಾಕಿದ್ದ ಮೇಜಿನ ಮೇಲೆ ಒಂದು ಕಡತ ಬಿಚ್ಚಿದರು. ಊರಿನ ಹೆಸರು ಯೋಜನೆಯಲ್ಲೇನೋ ಇದೆ, ಆದರೆ ಹಿಂದೆ ಇಲ್ಲಿ ಸುಳ್ಳು ಟಿಕೇಟಿನ ವ್ಯಾಪಾರ ತೋರಿಸಿದ ದಾಖಲೆ ಇರುವುದರಿಂದ ಮೇಲಿನವರು ಹಿಂಜರಿಯುತ್ತಿದ್ದಾರೆ ಎಂದರು. ನೂರಾರು ಜನ ನಿಂತು ನೋಡಿದರು, ಒಬ್ಬರೂ ಹತ್ತಲಿಲ್ಲ ಎಂದು ಬರೆದಿದೆಯಲ್ಲ, ಇದೇನು ಎಂದು ಕೇಳಿದರು.

"ಆ ಮಾಸ್ಟರ್ ಆಸಾಮಿಯೇ ಅಂಥವನು ಸಾರ್," ಎಂದರು ಗುರುಮೂರ್ತಪ್ಪನವರು. "ನಮಗೂ ಆಗಲೇ ಅನುಮಾನ ಇತ್ತು. ಅವನು ಈಗ ಇಲ್ಲ ಬಿಡಿ, ತೀರಿಹೋದನಂತೆ."

ಸಮಿತಿಯವರು ಒಬ್ಬರಾದ ಮೇಲೊಬ್ಬರು ತಲೆಯಾಡಿಸಿದರು. ಸತ್ತವನ ಮೇಲೆ ಹೊರಿಸಿದರೆ ಭಾರ ಯಾರಿಗೂ ತಗಲುವುದಿಲ್ಲ. ಪದ್ಮನಾಭಯ್ಯನವರು ತೀರಿಕೊಂಡದ್ದು ನನಗೆ ಆಗ ಅಲ್ಲಿಯೇ ತಿಳಿದದ್ದು. ಮಾನಪತ್ರ ಓದಿ ಮೇಷ್ಟ್ರೇ, ಹೊತ್ತಾಯಿತು ಎಂದು ಯಾರೋ ನನ್ನ ಮೊಣಕೈ ತಿವಿದರು. ನಾನು ಮಾನಪತ್ರವನ್ನು ಬಗಲಿಗಿಟ್ಟು ಟಿಕೇಟನ್ನು ಮೇಜಿನ ಮೇಲಿಟ್ಟೆ. ಹೇಗೋ ಹೇಳಿದೆ.

"ಆ ಹನ್ನೆರಡು ಜನ ಗೂಡ್ಸ್ ಷೆಡ್ಡಿನ ಹಿಂದೆ ಕೂತಿದ್ದರು ಸಾರ್. ಟಿಕೇಟು ನಿಜ, ಮಾಸ್ಟರ್ ನಿಜ. ಸುಳ್ಳು ನಮ್ಮದು. ಅವರನ್ನು ಬಚ್ಚಿಟ್ಟವನು ನಾನು."

ಗುರುಮೂರ್ತಪ್ಪನವರು ಮೇಷ್ಟ್ರಿಗೆ ವಯಸ್ಸಾಯಿತು, ನೆನಪು ಏರುಪೇರು ಎಂದು ನಗಲು ನೋಡಿದರು. ಅಧಿಕಾರಿ ನಗಲಿಲ್ಲ. ಟಿಕೇಟನ್ನು ಬೆಳಕಿಗೆ ಹಿಡಿದರು, ಕಡತದ ಹಾಳೆಗಳನ್ನು ಹಿಂದಕ್ಕೆ ತಿರುವಿದರು, ವರದಿಯಲ್ಲಿ ಬರೆದಿಟ್ಟಿದ್ದ ಹನ್ನೆರಡು ನಂಬರುಗಳ ಮೇಲೆ ಬೆರಳಿಟ್ಟು ಬಂದು ಏಳನೆಯದರಲ್ಲಿ ನಿಂತರು. ಇವರು ಹೋಗುವುದು ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿದರು. ಆರಕ್ಕೆ ಎಂದೆ. ಅರ್ಜಿಯಲ್ಲಿ ಹನ್ನೊಂದು ಎಂದಿದೆಯಲ್ಲ ಎಂದರು. ಅದನ್ನು ಬರೆದವನೂ ನಾನೇ ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ತಿರಸ್ಕಾರವಿತ್ತು. ಇರಬೇಕಾದದ್ದೇ.

ಬೆಳಗಿನ ಗಾಡಿಯನ್ನು ಬರುವ ಸೋಮವಾರ ಒಂದು ದಿನದ ಮಟ್ಟಿಗೆ ಇಲ್ಲಿ ನಿಲ್ಲಿಸಿ ನೋಡಬಹುದು, ಗಾರ್ಡೇ ಟಿಕೇಟು ಕೊಡುತ್ತಾರೆ, ನಾನೂ ಅದರಲ್ಲಿರುತ್ತೇನೆ ಎಂದು ಅಧಿಕಾರಿ ಹೇಳಿದರು. ಎದ್ದು ಜೀಪು ಹತ್ತುವಾಗ ಸಮಿತಿಯ ಕಡೆ ತಿರುಗಿ ಇಷ್ಟನ್ನು ಸೇರಿಸಿದರು. "ಪ್ರಯಾಣ ಮಾಡುವವರು ಬರಲಿ. ಸ್ವಾಗತಕ್ಕೆ ಒಬ್ಬರೂ ಬರಕೂಡದು."

ಆವತ್ತಿನಿಂದ ನಾನು ಯಾವ ಸಮಿತಿಯಲ್ಲೂ ಇಲ್ಲ. ಗುರುಮೂರ್ತಪ್ಪನವರು ಎದುರಿಗೆ ಸಿಕ್ಕರೆ ಕಾರಿನ ಗಾಜು ಏರಿಸಿಕೊಳ್ಳುತ್ತಾರೆ. ಕಲ್ಲಿನ ಮೇಲಿನ ಒಂಬತ್ತನೆಯ ಹೆಸರನ್ನು ಉಳಿಯಿಂದ ಕೆರೆಸಿಹಾಕಿದ್ದಾರೆ, ಒಳ್ಳೆಯದೇ ಆಯಿತು. ಆ ಕಲ್ಲು ಮಂಡಿಯ ಅಂಗಳದಲ್ಲಿ ಅಂಗಾತ ಬಿದ್ದಿದೆ, ಅದರ ಮೇಲೆ ಕಡಲೆಕಾಯಿ ಒಣಹಾಕುತ್ತಾರೆ. ಸ್ಟೇಷನ್ ಮತ್ತೆ ತೆರೆಯುವ ಆದೇಶ ಇನ್ನೂ ಬಂದಿಲ್ಲ. ಯೋಜನೆಯಲ್ಲಿದೆ, ಕಡತ ನಡೆಯುತ್ತಿದೆ ಎನ್ನುತ್ತಾರೆ. ಪದ್ಮನಾಭಯ್ಯನವರ ಹೆಸರಿನ ಮೇಲಿದ್ದ ಸುಳ್ಳು ಟಿಕೇಟಿನ ಷರಾವನ್ನು ತೆಗೆದುಹಾಕಿದ್ದೇವೆಂದು ಮಾತ್ರ ಇಲಾಖೆಯಿಂದ ನನಗೊಂದು ಕಾಗದ ಬಂತು. ಅದನ್ನು ಯಾರಿಗೆ ತಲುಪಿಸಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದೇನೆ.

ಆ ಸೋಮವಾರದ ವಿಷಯ ಹೇಳಿ ಮುಗಿಸುತ್ತೇನೆ. ಬೆಳಗಿನ ರೈಲು ನಿಲ್ಲುತ್ತದೆ ಎಂದು ಕೇರಿಗೆ ಹೋಗಿ ಸಣ್ಣೀರಮ್ಮನಿಗೆ ಮೊದಲೇ ಹೇಳಿ ಬಂದಿದ್ದೆ. ನಸುಕಿನಲ್ಲೇ ಎದ್ದಿದ್ದೆ, ಆದರೆ ಹೊರಗೆ ಹೋಗಲಿಲ್ಲ. ಸ್ವಾಗತಕ್ಕೆ ಹೋದವರ ಲೆಕ್ಕದಲ್ಲಿ ನಾನು ಸೇರಬಾರದು. ಬಾಗಿಲ ಹಿಂದೆ ಕೂತು ಕೇಳುತ್ತಿದ್ದೆ. ರೈಲಿನ ಸದ್ದು ಹತ್ತಿರವಾಯಿತು. ಹನ್ನೊಂದು ವರ್ಷ ನಿಲ್ಲದೆ ದಾಟಿಹೋಗುತ್ತಿದ್ದ ಸದ್ದು ಆವತ್ತು ನಿಧಾನವಾಗಿ, ನಿಂತಿತು. ಎರಡು ನಿಮಿಷವನ್ನು ಅಷ್ಟು ಉದ್ದಕ್ಕೆ ನಾನು ಎಂದೂ ಕಂಡಿರಲಿಲ್ಲ. ಆಮೇಲೆ ಇಂಜಿನ್ನು ಕೂಗಿತು, ಸದ್ದು ಜಂಕ್ಷನ್ನಿನ ದಿಕ್ಕಿಗೆ ಕರಗಿತು. ಆಗ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಆಸ್ಪತ್ರೆಯ ಮುಂದೆ ಧೂಳಿನಲ್ಲಿ ಹನಿಗಳ ಸಾಲು ಬಿದ್ದಿತ್ತು. ಒಂದು ಸಾಲಲ್ಲ, ನಾಲ್ಕೈದು ಸಾಲು ಒಂದರೊಳಗೊಂದು ಬೆರೆತಿದ್ದವು. ಅವುಗಳಲ್ಲಿ ಒಂದು, ಕುಂಟುವ ಹೆಜ್ಜೆಗೆ ಸರಿಯಾಗಿ, ಅಲ್ಲಲ್ಲಿ ಪಕ್ಕಕ್ಕೆ ಚೆಲ್ಲಿತ್ತು. ನಾನು ದಾಟಲಿಲ್ಲ, ಅದರ ಪಕ್ಕಪಕ್ಕಕ್ಕೇ ನಡೆದೆ. ಅದು ಮೆಟ್ಟಿಲು ಹತ್ತಿತು, ಹುಲ್ಲು ಬೆಳೆದ ಪ್ಲಾಟ್‌ಫಾರಂ ಮೇಲೆ ಸಾಗಿತು. ಗೂಡ್ಸ್ ಷೆಡ್ಡಿನ ಕಡೆಗೆ ಒಂದು ಹನಿಯೂ ತಿರುಗಿರಲಿಲ್ಲ. ಸಾಲು ನೇರವಾಗಿ ಪ್ಲಾಟ್‌ಫಾರಮ್ಮಿನ ಅಂಚಿನವರೆಗೆ ಹೋಗಿ, ಅಲ್ಲಿಗೆ ಮುಗಿದಿತ್ತು.